ಬೆಂಗಳೂರಿನ ಚಿತ್ರ ಪ್ರದರ್ಶನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರಾಂತ್ಯದಲ್ಲಿ ಗ್ಯಾಲರಿ ಸುತ್ತುವ ಅಭ್ಯಾಸ ಇರುವವರಿಗೆ ನೆಂಟರು, ಆಫೀಸಿನವರು, ಪಕ್ಕದ ಮನೆಯವರು ಕೇಳುವುದು ಸುಮಾರು ಇವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನೋಡುವವರ ಪ್ರಶ್ನೆ ಮೊದಲು, ಕೊಳ್ಳುವವರದು ಆಮೇಲೆ, ಬಿಡಿಸುವವರದು ಕೊನೆಗೆ.

ಯಾವ ಪ್ರದರ್ಶನಕ್ಕೆ ಹೋದರೂ ನನ್ನ ತಲೆಗೆ ಮೊದಲು ಬರುವುದು ಒಂದೇ ಮಾತು: ಈ ಗೋಡೆಯ ಬಾಡಿಗೆ ಯಾರು ಕಟ್ಟಿದ್ದಾರೆ? ಇದು ಗೊತ್ತಾದರೆ ಬೆಲೆ ಯಾಕೆ ಹಾಗಿದೆ, ಪ್ರದರ್ಶನ ಯಾಕೆ ಇಷ್ಟು ಬೇಗ ಮುಗಿಯುತ್ತದೆ, ಕಲಾವಿದರು ಬಾಗಿಲ ಹತ್ತಿರವೇ ಯಾಕೆ ನಿಂತಿರುತ್ತಾರೆ, ಎಲ್ಲ ತಿಳಿಯುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಒಳಗೆ ಹೋಗೋಕೆ ದುಡ್ಡು ಕೊಡಬೇಕಾ?

ಬಹಳಷ್ಟು ಕಡೆ ಇಲ್ಲ. ಖಾಸಗಿ ಗ್ಯಾಲರಿಗಳಿಗೆ ಪ್ರವೇಶ ಉಚಿತ. ಚಿತ್ರಕಲಾ ಪರಿಷತ್ತಿನಲ್ಲಿ ಕಲಾವಿದರು ಬಾಡಿಗೆಗೆ ಹಿಡಿದ ಗ್ಯಾಲರಿಗಳಿಗೂ ಉಚಿತ. ಸಂಗ್ರಹಾಲಯಗಳಿಗೆ, ಅಂದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಂಥ ಕಡೆ, ಟಿಕೆಟ್ ಇರುತ್ತದೆ. ಅಲ್ಲಿ ಭಾರತೀಯರಿಗೆ ತೀರಾ ಕಡಿಮೆ. ಸೋಮವಾರ ಹೋಗಬೇಡಿ, ರಜೆ.

ಏನೂ ಕೊಳ್ಳದೆ ಸುಮ್ನೆ ನೋಡಿಕೊಂಡು ಬಂದರೆ ಬೇಜಾರು ಮಾಡ್ಕೋತಾರಾ?

ಇಲ್ಲ. ಬಂದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಂದಿ ನೋಡಿ ಹೋಗುವವರೇ. ಅದು ಎಲ್ಲರಿಗೂ ಗೊತ್ತು. ಗಾಜಿನ ಬಾಗಿಲು, ಒಳಗೆ ಏಸಿ, ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಒಬ್ಬರು. ಇದನ್ನು ನೋಡಿಯೇ ಎಷ್ಟೋ ಜನ ಮೆಟ್ಟಿಲಿಂದ ವಾಪಸ್ ಹೋಗುತ್ತಾರೆ. ಕೂತವರು ತಲೆ ಎತ್ತಿ ನೋಡದಿದ್ದರೆ ಅದು ಅವಮಾನ ಅಲ್ಲ. ನಿಮ್ಮ ಪಾಡಿಗೆ ನೀವು ನೋಡಿಕೊಳ್ಳಿ ಅಂತ ಬಿಟ್ಟಿದ್ದಾರೆ ಅಷ್ಟೇ. ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡೂ ಹೋಗಬಹುದು. ಚೀಲವನ್ನು ಬಾಗಿಲ ಹತ್ತಿರ ಇಟ್ಟುಬಿಡಿ, ಕ್ಯಾನ್ವಾಸಿಗೆ ತಾಗಬಾರದು.

ಎಲ್ಲಿಂದ ಶುರು ಮಾಡಲಿ?

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ. 1960ರಲ್ಲಿ ಶುರುವಾದ ಸಂಸ್ಥೆ ಇದು. ಎಂ.ಎಸ್. ನಂಜುಂಡರಾವ್ ಕಟ್ಟಿ ಬೆಳೆಸಿದ್ದು. ಒಂದೇ ಆವರಣದಲ್ಲಿ ಹಲವು ಗ್ಯಾಲರಿಗಳಿವೆ. ಒಂದು ಬಾಗಿಲಲ್ಲಿ ಹಂಪಿಯ ಜಲವರ್ಣ, ಪಕ್ಕದ ಬಾಗಿಲಲ್ಲಿ ಅಮೂರ್ತ ಚಿತ್ರ, ಅದರಾಚೆ ಸೀರೆ ಮೇಳ. ಗಲಿಬಿಲಿ ಹೌದು, ಆದರೆ ಹೊಸಬರಿಗೆ ಇದೇ ಒಳ್ಳೆಯದು. ಒಂದು ಇಷ್ಟವಾಗದಿದ್ದರೆ ಹತ್ತು ಹೆಜ್ಜೆಗೆ ಇನ್ನೊಂದು ಇರುತ್ತದೆ. ಪರಿಷತ್ತಿನ ಸ್ವಂತ ಸಂಗ್ರಹವನ್ನೂ ಬಿಡಬೇಡಿ. ಮೈಸೂರು ಶೈಲಿಯ ಚಿತ್ರಗಳು, ತೊಗಲುಗೊಂಬೆಗಳು, ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ-ಮಗನ ಚಿತ್ರಗಳು ಅಲ್ಲಿವೆ.

ಎರಡನೆಯದು ಮಾಣಿಕ್ಯವೇಲು ಮಹಲು. 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ದೆಹಲಿ, ಮುಂಬೈ ನಂತರ ಇಲ್ಲಿ ಬಾಗಿಲು ತೆರೆಯಿತು. ಹಳೆಯ ಬಂಗಲೆ, ಹಿಂದೆ ಹೊಸ ಕಟ್ಟಡ, ಸುತ್ತ ದೊಡ್ಡ ದೊಡ್ಡ ಮರ. ಮೂರನೆಯದು ಕಸ್ತೂರಬಾ ರಸ್ತೆ. ಅಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಗ್ರಹಣದ ಸಂಗ್ರಹಾಲಯವೂ ಇದೆ. ಮ್ಯಾಪ್ ಕಟ್ಟಡದ ಹೊರಗೋಡೆಗೆ ಉಬ್ಬುಗೆರೆಯ ಸ್ಟೀಲ್ ಹಾಳೆ ಹೊದಿಸಿದ್ದಾರೆ. ಹಳೆಯ ನೀರಿನ ಟ್ಯಾಂಕ್ ನೆನಪಾಗಲಿ ಅಂತಲೇ ಹಾಗೆ ಮಾಡಿದ್ದು. ನನಗಂತೂ ಇಷ್ಟ, ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಇಲ್ಲ.

ಖಾಸಗಿ ಗ್ಯಾಲರಿ ನೋಡಬೇಕೆಂದರೆ ವಿಲ್ಸನ್ ಗಾರ್ಡನ್ನಿನ ಸುಮುಖ ಇದೆ, 1996ರಿಂದ ನಡೆಯುತ್ತಿದೆ. ಇನ್ನೂ ಬೇರೆ ಥರದ ಜಾಗ ಬೇಕೆಂದರೆ ಶಾಂತಿನಗರದ ವನ್ ಶಾಂತಿರೋಡ್. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯ ಒಂದು ಭಾಗವನ್ನೇ 2003ರಲ್ಲಿ ಕಲಾವಿದರಿಗೆ ತೆರೆದಿಟ್ಟರು. ಅಲ್ಲಿ ಪ್ರದರ್ಶನ ನೋಡುತ್ತಾ ಅಡುಗೆಮನೆ ತನಕ ಹೋಗಿ ಊಟ ಮಾಡಿ ಬಂದವರೂ ಇದ್ದಾರೆ.

ಯಾವುದಕ್ಕೆ ಹೋಗುವ ಮುಂಚೆಯೂ ಫೋನ್ ಮಾಡಿ, ಇಲ್ಲವೇ ಅವರ ಇನ್‌ಸ್ಟಾಗ್ರಾಂ ಪುಟ ನೋಡಿ. ರಿಪೇರಿ, ರಜೆ, ಚಿತ್ರ ಬದಲಿಸುವ ದಿನ ಅಂತ ಬಾಗಿಲು ಮುಚ್ಚಿರುವುದು ಜಾಸ್ತಿ.

ಪ್ರದರ್ಶನಗಳು ಐದಾರು ದಿನಕ್ಕೇ ಯಾಕೆ ಮುಗಿದುಹೋಗುತ್ತವೆ?

ಗೋಡೆಯ ಬಾಡಿಗೆ ದಿನದ ಲೆಕ್ಕ. ಪರಿಷತ್ತಿನಂಥ ಕಡೆ ಬಹುತೇಕ ಕಲಾವಿದರು ತಮ್ಮ ಜೇಬಿನಿಂದಲೇ ಬಾಡಿಗೆ ಕಟ್ಟುತ್ತಾರೆ. ಎರಡು ವರ್ಷ ಬಿಡಿಸಿದ್ದನ್ನು ಒಂದು ವಾರ ತೋರಿಸುತ್ತಾರೆ. ಖಾಸಗಿ ಗ್ಯಾಲರಿಯಲ್ಲಿ ಗೋಡೆ ಗ್ಯಾಲರಿಯವರದ್ದೇ. ಹಾಗಾಗಿ ಅಲ್ಲಿ ಒಂದು ಪ್ರದರ್ಶನ ತಿಂಗಳುಗಟ್ಟಲೆ ಇರುತ್ತದೆ, ಮಾರಿದ್ದರಲ್ಲಿ ಅವರು ಪಾಲು ತೆಗೆದುಕೊಳ್ಳುತ್ತಾರೆ. ಸಂಗ್ರಹಾಲಯದಲ್ಲಿ ಗೋಡೆ ಸರ್ಕಾರದ್ದು ಅಥವಾ ಪ್ರತಿಷ್ಠಾನದ್ದು. ಅಲ್ಲಿ ಮಾರಾಟದ ಮಾತೇ ಇಲ್ಲ.

ಈ ಲೆಕ್ಕ ಗೊತ್ತಿದ್ದರೆ ವೆಂಕಟಪ್ಪ ಚಿತ್ರಶಾಲೆಗಾಗಿ ಕಲಾವಿದರು ಯಾಕೆ ಬೀದಿಗೆ ಬಂದರು ಅನ್ನುವುದು ಅರ್ಥವಾಗುತ್ತದೆ. ಕೆ. ವೆಂಕಟಪ್ಪ (1886–1965) ಮೈಸೂರು ಅರಮನೆಯ ಕಲಾವಿದರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ಜತೆಗೆ ವೈಣಿಕರು. ಅವರ ಊಟಿಯ ಜಲವರ್ಣಗಳನ್ನು ಹತ್ತಿರದಿಂದ ನೋಡಿ. ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಅವರ ಹೆಸರಿನ ಈ ಚಿತ್ರಶಾಲೆಯಲ್ಲಿ ಅವರ ಕೃತಿಗಳ ಜತೆಗೆ, ಕಡಿಮೆ ಬಾಡಿಗೆಗೆ ಯಾರು ಬೇಕಾದರೂ ಪ್ರದರ್ಶನ ಮಾಡಬಹುದಾದ ಹಾಲ್ ಇತ್ತು. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರ ಮೊದಲ ಪ್ರದರ್ಶನ ಎಷ್ಟೋ ಸಲ ಅಲ್ಲೇ ಆಗಿದ್ದು. 2015ರಲ್ಲಿ ಸರ್ಕಾರ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕಲಾವಿದರು ಅಂಗಳದಲ್ಲಿ ಸೇರಿ ಹಾಡಿದರು, ಬಿಡಿಸಿದರು, ಪಟ್ಟು ಹಿಡಿದರು. ಆ ಒಪ್ಪಂದದಿಂದ ಅಲ್ಲಿ ಬರಲಿದ್ದ ಹೊಸ ಕಟ್ಟಡ ಚೆಂದ ಇರುತ್ತದೋ ಇಲ್ಲವೋ ಅನ್ನುವುದು ಅವರ ಚಿಂತೆ ಆಗಿರಲಿಲ್ಲ. ನಗರದ ನಡುವೆ ಉಳಿದಿದ್ದ ಅಗ್ಗದ ಗೋಡೆ ಕೈತಪ್ಪುತ್ತದಲ್ಲ ಅನ್ನುವುದೇ ಚಿಂತೆ.

ಇದಕ್ಕೂ ಮುಂಚೆ, 2009ರಲ್ಲಿ, ಕೆಲವು ಕಲಾವಿದರು ‘ಸಮೂಹ’ ಅಂತ ಹೆಸರಿಟ್ಟುಕೊಂಡು ಜೆ.ಸಿ. ರಸ್ತೆಯಲ್ಲಿ ಒಂದು ಜಾಗ ಹಿಡಿದರು. ಬಾಡಿಗೆ ಹಂಚಿಕೊಂಡರು, ಸರದಿಯಂತೆ ಒಬ್ಬೊಬ್ಬರೂ ಕೆಲವು ದಿನ ಗೋಡೆ ಬಳಸಿಕೊಂಡರು. ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ನಡೆದು ಮುಗಿಯಿತು. ಈಗಲೂ ಯಾರಾದರೂ ಹೀಗೆ ಮಾಡಿದರೆ ಚೆನ್ನಾಗಿರುತ್ತದೆ.

ನೋಡಿದೆ. ಅರ್ಥ ಆಗಲಿಲ್ಲ. ಏನು ಮಾಡಲಿ?

ಅರ್ಥ ಆಮೇಲೆ. ಮೊದಲು ಕಣ್ಣಿಗೆ ಏನು ಕಾಣುತ್ತದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಷ್ಟು ದೊಡ್ಡದು, ಯಾವ ಬಣ್ಣ, ಬಣ್ಣ ತೆಳುವೋ ದಪ್ಪವೋ, ಕಣ್ಣು ಮೊದಲು ಎಲ್ಲಿಗೆ ಹೋಯಿತು. ಆಮೇಲೆ ಪಕ್ಕದ ಚೀಟಿ ಓದಿ. ಚೀಟಿ ಮೊದಲು ಓದಿದರೆ ಕಣ್ಣು ಬರೀ ಅದನ್ನೇ ಹುಡುಕುತ್ತದೆ.

ಕಲಾವಿದರು ಅಲ್ಲೇ ಇದ್ದರೆ ಕೇಳಿಬಿಡಿ. ‘ಇದರ ಅರ್ಥ ಏನು ಸರ್?’ ಅಂದರೆ ಅವರಿಗೂ ಇಕ್ಕಟ್ಟು, ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠ ಆದ ಉತ್ತರವೇ ಬರುತ್ತದೆ. ‘ಈ ಮೂಲೆಯಲ್ಲಿ ಬಣ್ಣ ಕೆರೆದಿದ್ದೀರಲ್ಲ, ಯಾಕೆ ಮೇಡಂ?’ ಅಂತ ಕೇಳಿ ನೋಡಿ. ಅರ್ಧ ಗಂಟೆ ಮಾತಾಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ಏನೂ ಅನ್ನಿಸದಿದ್ದರೆ ಮುಂದೆ ಹೋಗಿ. ಗೋಡೆ ಮೇಲೆ ಇರುವುದೆಲ್ಲ ಚೆನ್ನಾಗಿಯೇ ಇರಬೇಕು ಅಂತ ಎಲ್ಲಿದೆ?

ಇಂಥದ್ದನ್ನ ನನ್ನ ಮಗಳೂ ಬಿಡಿಸ್ತಾಳೆ ಅಲ್ವಾ?

ಬಿಡಿಸಲಿ, ಒಳ್ಳೆಯದೇ. ಆದರೆ ಮುಂದಿನ ಸಲ ಅಮೂರ್ತ ಚಿತ್ರದ ಎದುರು ನಿಂತಾಗ ಒಂದು ಕೆಲಸ ಮಾಡಿ. ಪಕ್ಕಕ್ಕೆ ಹೋಗಿ ಕ್ಯಾನ್ವಾಸಿನ ಅಂಚು ನೋಡಿ. ಪರಿಷತ್ತಿನಲ್ಲಿ ಒಬ್ಬ ಯುವ ಕಲಾವಿದೆಯ ಪ್ರದರ್ಶನದಲ್ಲಿ ಆಳೆತ್ತರದ ಒಂದು ಚಿತ್ರ ಇತ್ತು. ದೂರದಿಂದ ಬರೀ ಮಾಸಲು ಹಳದಿ. ಅಂಚಿನಲ್ಲಿ ನೋಡಿದರೆ ಹಳದಿಯ ಕೆಳಗೆ ಇಟ್ಟಿಗೆ ಕೆಂಪು, ಅದರ ಕೆಳಗೆ ಬೂದು, ಬೂದಿನ ಕೆಳಗೆ ಪೆನ್ಸಿಲ್ಲಿನ ಚೌಕಗಳು. ಮತ್ತೆ ಎದುರಿಗೆ ಬಂದು ನಿಂತಾಗ ಕಂಡಿತು: ಹಳದಿಯನ್ನು ಅಲ್ಲಲ್ಲಿ ಚಾಕುವಿನಿಂದ ಕೆರೆದು ಕೆಂಪನ್ನು ಹೊರಗೆ ತಂದಿದ್ದರು. ಕೆರೆದ ಗೆರೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಕೆಳಗಿನ ಬಣ್ಣ ಪೂರ್ತಿ ಒಣಗುವ ತನಕ ಕಾದು, ಮೇಲಿನದು ಒಣಗುವ ಮುಂಚೆ ಕೆರೆದರೆ ಮಾತ್ರ ಗೆರೆ ಹಾಗೆ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವ ಈ ತೀರ್ಮಾನವನ್ನು ನಿಮ್ಮ ಮಗಳು ಇನ್ನೂ ಮಾಡುವುದಿಲ್ಲ. ಇಪ್ಪತ್ತು ವರ್ಷ ಆದಮೇಲೆ ಮಾಡಬಹುದು.

ಸಗಣಿ, ದಾರ, ಕೂದಲು, ಹೊಲಿಗೆ ಯಂತ್ರ. ಪೇಂಟಿಂಗ್ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ, ಪಕ್ಕದಲ್ಲೇ ಇದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. ಆರ್.ಎಂ. ಹಡಪದ್ ಕಟ್ಟಿದ ಶಾಲೆ ಅದು. ಆಮೇಲೆ ಶಾಂತಿನಿಕೇತನ, ಲಂಡನ್. ಮೊದಲು ಎಣ್ಣೆ ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದರು. 1992ರ ಕೋಮು ಗಲಭೆಗಳ ನಂತರದ ದಿನಗಳಲ್ಲಿ ಅವರಿಗೆ ಕ್ಯಾನ್ವಾಸು ಸಾಲದು ಅನ್ನಿಸಿತು, ಸಗಣಿ ಕೈಗೆತ್ತಿಕೊಂಡರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರವನ್ನು ಸೂಜಿಗಳ ಕಣ್ಣಲ್ಲಿ ಪೋಣಿಸಿ, ಕುಂಕುಮ ಮತ್ತು ಅಂಟು ಹಚ್ಚಿ, ಹಗ್ಗದಂತೆ ಒಟ್ಟುಗೂಡಿಸಿ ಗೋಡೆಯಿಂದ ನೆಲಕ್ಕೆ ಇಳಿಬಿಟ್ಟರು. ದೂರದಿಂದ ಕೆಂಪು ಗೆರೆ ಎಳೆದ ಹಾಗೆ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು, ಮೈ ಜುಂ ಅನ್ನುತ್ತದೆ. ಗೆರೆ ಎಳೆಯಲು ಬ್ರಷ್ಷೇ ಬೇಕಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2009ರಲ್ಲಿ ಅವರ ಕೃತಿ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಗೆ ಹೋಯಿತು.

ಮೈಸೂರಿನ ಎನ್.ಎಸ್. ಹರ್ಷ ಇನ್ನೊಂದು ಥರ. ಹೊಲಿಗೆ ಯಂತ್ರಗಳನ್ನು ಸಾಲಾಗಿ ಜೋಡಿಸಿ ದೇಶಗಳ ಬಾವುಟ ಇಟ್ಟವರೂ ಅವರೇ, ಕ್ಯಾನ್ವಾಸಿನ ಮೇಲೆ ಸಾಲುಸಾಲಾಗಿ ಜನರನ್ನು ಕೂರಿಸುವವರೂ ಅವರೇ. 2008ರ ಒಂದು ಚಿತ್ರ ಆರು ದೊಡ್ಡ ಕ್ಯಾನ್ವಾಸುಗಳದ್ದು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಲೆಕ್ಕವಿಲ್ಲದಷ್ಟು ಮಂದಿ, ಭಾಷಣ ಕೇಳೋಕೆ ಕೂತ ಹಾಗೆ. ಒಬ್ಬೊಬ್ಬರ ಮುಖವೂ ಬೇರೆ. ನಮ್ಮ ಊರಿನ ಯಾವ ಸಮಾರಂಭದಲ್ಲಿ ಆ ಕುರ್ಚಿ ಕಂಡಿಲ್ಲ ಹೇಳಿ?

ರಸ್ತೆಯ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದ, ಇನ್ನೊಂದು ಸಲ ಗುಂಡಿಬಿದ್ದ ರಸ್ತೆಯಲ್ಲೇ ಗಗನಯಾತ್ರಿ ವೇಷದವರನ್ನು ನಡೆಸಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಗೋಡೆಯ ಬಾಡಿಗೆಯ ಗೋಜಿಗೇ ಹೋಗಲಿಲ್ಲ. ಇದು ಕಲೆಯೋ ಪ್ರತಿಭಟನೆಯೋ ಅನ್ನುವ ಚರ್ಚೆ ಇತ್ತು. ಎರಡೂ ಹೌದು.

ಮರ, ಹೂವು, ಬೀದಿ ನೋಡಬೇಕು ಅನ್ನುವವರಿಗೆ ರುಮಾಲೆ ಚೆನ್ನಬಸವಯ್ಯ (1910–1988) ಇದ್ದಾರೆ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಮುಗಿಸಿ ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಕೂತು ಚಿತ್ರ ಬರೆದವರು. ಅವರ ಚಿತ್ರದ ಎಷ್ಟೋ ರಸ್ತೆಗಳಲ್ಲಿ ಈಗ ಆ ಮರಗಳಿಲ್ಲ.

ಇಂಗ್ಲಿಷ್ ಅಷ್ಟು ಬರಲ್ಲ. ಪರವಾಗಿಲ್ವಾ?

ಕಲಾವಿದರಲ್ಲಿ ಬಹಳ ಮಂದಿ ಗದಗ, ಕಲಬುರಗಿ, ಹಾಸನ, ಉಡುಪಿ ಕಡೆಯವರು. ಕನ್ನಡದಲ್ಲಿ ಕೇಳಿದರೆ ಮುಖ ಅರಳುತ್ತದೆ. ತೊಂದರೆ ಇರುವುದು ಗೋಡೆಗೆ ಅಂಟಿಸಿದ ಟಿಪ್ಪಣಿಯಲ್ಲಿ. ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಅದೂ ಎಂಥ ಇಂಗ್ಲಿಷ್ ಅಂದರೆ, ಇಂಗ್ಲಿಷ್ ಮೇಷ್ಟ್ರಿಗೂ ಎರಡು ಸಲ ಓದಬೇಕು. ಬಿಡಿಸಿದವರು ಕನ್ನಡದವರು, ನೋಡೋಕೆ ಬಂದವರು ಕನ್ನಡದವರು, ನಡುವೆ ಈ ಒಂದು ಪುಟ ಮಾತ್ರ ಬೇರೆ ಯಾರಿಗೋ ಬರೆದದ್ದು. ‘ಕನ್ನಡದ ಹಾಳೆ ಇದೆಯಾ?’ ಅಂತ ಪ್ರತಿ ಸಲ ಕೇಳಿ. ಕೇಳುವವರು ಜಾಸ್ತಿಯಾದರೆ ಮಾಡಿಸುತ್ತಾರೆ.

ಬೆಲೆ ಯಾಕೆ ಅಷ್ಟು?

ಒಂದು ಲೆಕ್ಕ ಹಾಕೋಣ. ಗ್ಯಾಲರಿಯಲ್ಲಿ 60,000 ರೂಪಾಯಿಯ ಚಿತ್ರ ಅಂದುಕೊಳ್ಳಿ. ಗ್ಯಾಲರಿಯ ಪಾಲು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೆ. ಶೇ 40 ಅಂತ ಹಿಡಿದರೆ 24,000 ಹೋಯಿತು, ಉಳಿದದ್ದು 36,000. ಇದರಲ್ಲಿ ಕ್ಯಾನ್ವಾಸು, ಬಣ್ಣ, ಫ್ರೇಮು, ಸ್ಟುಡಿಯೋ ಬಾಡಿಗೆ, ಟೆಂಪೊ ಖರ್ಚು. ಜತೆಗೆ ಮಾರಾಟವಾಗದೆ ಮನೆಗೆ ವಾಪಸ್ ಹೋದ ಉಳಿದ ಹನ್ನೆರಡು ಚಿತ್ರಗಳ ಖರ್ಚೂ ಇದರ ಮೇಲೇ ಬೀಳುತ್ತದೆ. ವರ್ಷಕ್ಕೆ ಇಂಥ ಮೂರ‍್ನಾಲ್ಕು ಮಾರಾಟವಾದರೆ ಅದೃಷ್ಟ. ಅದಕ್ಕೇ ಎಷ್ಟೋ ಕಲಾವಿದರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೋ, ಕಂಪನಿಯಲ್ಲಿ ಡಿಸೈನರೋ ಆಗಿರುತ್ತಾರೆ.

ಅಳತೆಯ ಮೇಲೆ ಬೆಲೆ ಕಟ್ಟುವ ರೂಢಿಯೂ ಇದೆ. ಚದರ ಇಂಚಿಗೆ ಇಷ್ಟು ಅಂತ. ಕಲಾವಿದರ ಹೆಸರು ಬೆಳೆದ ಹಾಗೆ ಆ ದರ ಏರುತ್ತದೆ. ಸೈಟ್ ಕೊಳ್ಳುವ ಊರಲ್ಲಿ ಇದು ವಿಚಿತ್ರ ಅನ್ನಿಸಬಾರದು, ಬಿಡಿ.

ಬೆಲೆಯ ಮೇಲೆ ಜಿಎಸ್‌ಟಿ ಬೇರೆ. ಕೈಯಿಂದ ಬಿಡಿಸಿದ ಚಿತ್ರಗಳಿಗೆ 2025ರ ಸೆಪ್ಟೆಂಬರಿನಲ್ಲಿ ಅದು ಶೇ 12ರಿಂದ 5ಕ್ಕೆ ಇಳಿಯಿತು.

ಚಿತ್ರದ ಪಕ್ಕ ಕೆಂಪು ಚುಕ್ಕೆ ಯಾಕೆ?

ಮಾರಾಟವಾಗಿದೆ ಅಂತ. ಅರ್ಧ ಚುಕ್ಕೆ ಇದ್ದರೆ ಯಾರೋ ಕಾದಿರಿಸಿದ್ದಾರೆ. ಉದ್ಘಾಟನೆಯ ದಿನವೇ ಒಂದೆರಡು ಚುಕ್ಕೆ ಬಿದ್ದರೆ ಕಲಾವಿದರ ನಗು ನೋಡಬೇಕು.

ಚೌಕಾಸಿ ಮಾಡಬಹುದಾ?

ಜನವರಿಯಲ್ಲಿ ರಸ್ತೆಯಲ್ಲೇ ನಡೆಯುವ ಚಿತ್ರಸಂತೆಯಲ್ಲಿ ಸ್ವಲ್ಪ ನಡೆಯುತ್ತದೆ. ಗ್ಯಾಲರಿಯಲ್ಲಿ ‘ಏನಾದರೂ ಕಡಿಮೆ ಆಗುತ್ತಾ?’ ಅಂತ ಒಮ್ಮೆ ಕೇಳಬಹುದು. ಕಂತಿನಲ್ಲಿ ಕೊಡಬಹುದಾ ಅಂತಲೂ ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ. ಗ್ಯಾಲರಿಯಲ್ಲಿ ನೋಡಿ, ಆಮೇಲೆ ಹಿಂದಿನ ಬಾಗಿಲಿನಿಂದ ಕಲಾವಿದರ ಮನೆಗೆ ಹೋಗಿ ಕಡಿಮೆಗೆ ಕೊಡಿ ಅನ್ನುವುದು ಮಾತ್ರ ಬೇಡ. ಗೋಡೆಗೆ ದುಡ್ಡು ಹಾಕಿದವರಿಗೆ ಮೋಸ, ಆ ಕಲಾವಿದರಿಗೆ ಮುಂದೆ ಗೋಡೆ ಸಿಗುವುದೂ ಕಷ್ಟ.

ಕಡಿಮೆ ಬಜೆಟ್ಟಿನಲ್ಲಿ ಮೊದಲ ಚಿತ್ರ ಎಲ್ಲಿ ಕೊಳ್ಳಲಿ?

ಜನವರಿಯಲ್ಲಿ ಪರಿಷತ್ತು ನಡೆಸುವ ಚಿತ್ರಸಂತೆಗೆ ಬನ್ನಿ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ, ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ. ಅಂದು ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಿನ ಉದ್ದಕ್ಕೂ ಕೂತಿರುತ್ತಾರೆ. ‘ಮನೆಗೊಂದು ಕಲಾಕೃತಿ’ ಅನ್ನುವುದು ಅದರ ಘೋಷಣೆ. ನೂರು ರೂಪಾಯಿಯದ್ದೂ ಇರುತ್ತದೆ, ಲಕ್ಷದ್ದೂ ಇರುತ್ತದೆ. ಅವತ್ತೊಂದು ದಿನ ಗೋಡೆಯ ಚಿಂತೆ ಇಲ್ಲ, ರಸ್ತೆಯೇ ಗ್ಯಾಲರಿ. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ನಿಂತು ನೋಡಬಹುದು. ಹನ್ನೊಂದಾದ ಮೇಲೆ ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಒಂದೇ ಮಾತು: ಬುದ್ಧ, ಗಣೇಶ, ಓಡುವ ಕುದುರೆ ಇವುಗಳ ಹಿಂಡು ದಾಟಿ ಒಳಗೆ ಹೋಗಿ. ಕಾಲೇಜು ಹುಡುಗರು ಮರದ ಕೆಳಗೆ ಕೂತಿರುವ ಕಡೆ ಒಳ್ಳೆಯವು ಸಿಗುತ್ತವೆ.

ಇನ್ನೊಂದು ದಾರಿ, ಕಲಾ ಕಾಲೇಜುಗಳ ವಾರ್ಷಿಕ ಪ್ರದರ್ಶನ. ಪೇಂಟಿಂಗಿಗಿಂತ ರೇಖಾಚಿತ್ರ, ಮುದ್ರಣ ಕಲೆಯ ಪ್ರತಿಗಳು ಅಗ್ಗ. ಎಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚು) ಅಥವಾ ಮರದಚ್ಚಿನ ಪ್ರತಿಯ ಕೆಳಗೆ ಪೆನ್ಸಿಲಿನಲ್ಲಿ 3/25 ಅಂತ ಇದ್ದರೆ, ಇಪ್ಪತ್ತೈದು ಪ್ರತಿಗಳಲ್ಲಿ ಅದು ಮೂರನೆಯದು.

ಏನೇ ಕೊಂಡರೂ ಬಿಲ್ ಮತ್ತು ದೃಢೀಕರಣ ಪತ್ರ ಕೇಳಿ. ಕಲಾವಿದರ ಹೆಸರು, ವರ್ಷ, ಮಾಧ್ಯಮ, ಅಳತೆ, ಸಹಿ ಇರಬೇಕು.

ಒರಿಜಿನಲ್ಲೋ ಪ್ರಿಂಟೋ, ಹೇಗೆ ಗೊತ್ತಾಗುತ್ತೆ?

ಕ್ಯಾನ್ವಾಸಿನ ಮೇಲೆ ಡಿಜಿಟಲ್ ಪ್ರಿಂಟ್ ತೆಗೆದು, ಮೇಲೆ ಜೆಲ್ ಹಚ್ಚಿ ಬ್ರಷ್ಷಿನ ಗುರುತು ಮೂಡಿಸಿ ಮಾರುವವರು ಇದ್ದಾರೆ. ಕೇಳಿಕೊಂಡು ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಉಬ್ಬು ಇರುವ ಕಡೆಯೇ ಬಣ್ಣವೂ ಬದಲಾಗುತ್ತಿದೆಯಾ ನೋಡಿ. ಉಬ್ಬು ಒಂದು ಕಡೆ, ಬಣ್ಣದ ಅಂಚು ಇನ್ನೊಂದು ಕಡೆ ಇದ್ದರೆ ಅದು ಪ್ರಿಂಟ್. ಪ್ರಿಂಟ್ ಕೊಳ್ಳುವುದು ತಪ್ಪಲ್ಲ, ಪ್ರಿಂಟಿನ ಬೆಲೆಗೆ ಕೊಳ್ಳಿ.

ಹೂಡಿಕೆ ಅಂತ ಕೊಂಡರೆ ಲಾಭ ಬರುತ್ತಾ?

2025ರ ಮಾರ್ಚಿನಲ್ಲಿ ಎಂ.ಎಫ್. ಹುಸೇನರ 1954ರ ಚಿತ್ರ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಎಷ್ಟೋ ದಶಕ ಓಸ್ಲೊ ನಗರದ ಆಸ್ಪತ್ರೆಯೊಂದರಲ್ಲಿ ತೂಗಿದ್ದ ಚಿತ್ರ ಅದು. ಇಂಥ ಸುದ್ದಿ ಓದಿ ಎಲ್ಲರೂ ಇದೇ ಪ್ರಶ್ನೆ ಕೇಳುತ್ತಾರೆ. ನೇರ ಉತ್ತರ: ನೀವು ಮೂವತ್ತು ಸಾವಿರಕ್ಕೆ ಕೊಂಡ ಚಿತ್ರವನ್ನು ಮತ್ತೆ ಮಾರೋಕೆ ಹೊರಟರೆ ಕೊಳ್ಳುವವರೇ ಸಿಗುವುದು ಕಷ್ಟ. ಹರಾಜಿಗೆ ಹೋಗುವ ಹೆಸರುಗಳು ಬೆರಳೆಣಿಕೆಯಷ್ಟು. ದಿನಾ ಕಣ್ಣಿಗೆ ಬಿದ್ದರೂ ಬೇಸರ ಬಾರದ ಚಿತ್ರ ಕೊಳ್ಳಿ. ಹೂಡಿಕೆಗೆ ಬೇರೆ ದಾರಿ ಇವೆ.

ಕೊಂಡ ಮೇಲೆ ಚಿತ್ರ ನನ್ನದೇ ಅಲ್ವಾ? ಏನು ಬೇಕಾದರೂ ಮಾಡಬಹುದಲ್ಲ?

ಚಿತ್ರ ನಿಮ್ಮದು. ಹಕ್ಕುಸ್ವಾಮ್ಯ ಕಲಾವಿದರದ್ದು, ಬರೆದು ಕೊಟ್ಟಿದ್ದರೆ ಮಾತ್ರ ಬೇರೆ ಮಾತು. ಹಾಗಾಗಿ ಅದನ್ನು ಕಂಪನಿಯ ಕ್ಯಾಲೆಂಡರಿನಲ್ಲೋ ಟೀಶರ್ಟಿನ ಮೇಲೋ ಅಚ್ಚು ಹಾಕಿಸುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಈ ಹಕ್ಕು ಕಲಾವಿದರ ಕಾಲಾನಂತರವೂ 60 ವರ್ಷ ಇರುತ್ತದೆ.

ಹಾಳು ಮಾಡುವ ಹಕ್ಕೂ ಇಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು, ಭಾಗಗಳು ಹಾಳಾದವು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೇ ವಾಪಸ್ ಕೊಡಿಸಿ, ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಆಫೀಸು ನವೀಕರಣ ಮಾಡುವಾಗ ಗೋಡೆಚಿತ್ರದ ಮೇಲೆ ಸುಣ್ಣ ಬಳಿಸುವ ಮ್ಯಾನೇಜರುಗಳು ಇದನ್ನು ಓದಬೇಕು.

ಇನ್ನೊಂದು ವಿಷಯ. ಮೂಲ ಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅದರಲ್ಲಿ ಪಾಲು ಸಿಗಬೇಕು ಅಂತ ಅದೇ ಕಾಯ್ದೆಯಲ್ಲಿದೆ, ಗರಿಷ್ಠ ಶೇ 10. ಹಾಗೆ ಪಾಲು ಬಂತು ಅಂದ ಕಲಾವಿದರು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

ಫೋಟೊ ತೆಗೆಯಬಹುದಾ?

ಕೇಳಿ ತೆಗೆಯಿರಿ. ಫ್ಲ್ಯಾಶ್ ಬೇಡ. ಇನ್‌ಸ್ಟಾಗ್ರಾಂನಂಥ ಕಡೆ ಹಾಕಿಕೊಂಡರೆ ಕಲಾವಿದರ ಹೆಸರು ಬರೆಯಿರಿ. ಚಿತ್ರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯುವಾಗ ಹಿಂದೆ ಸರಿಯುತ್ತಾ ಸರಿಯುತ್ತಾ ಕ್ಯಾನ್ವಾಸಿಗೆ ಒರಗಿದವರನ್ನು ನೋಡಿದ್ದೇನೆ.

ಮನೆಯಲ್ಲಿ ಎಲ್ಲಿ ಹಾಕಲಿ?

ಬಿಸಿಲು ನೇರ ಬೀಳುವ ಗೋಡೆ ಬೇಡ, ಜಲವರ್ಣವಂತೂ ಬೇಗ ಮಂಕಾಗುತ್ತದೆ. ಬಚ್ಚಲಮನೆಗೆ ಅಂಟಿದ ಗೋಡೆಯೂ ಬೇಡ. ಬೆಂಗಳೂರಿನ ಮಳೆಗಾಲದಲ್ಲಿ ಗೋಡೆ ತೇವ ಹಿಡಿದು, ಚಿತ್ರದ ಹಿಂದೆ ಬೂಷ್ಟು ಬರುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಕಾಗದದ ಚಿತ್ರಕ್ಕೆ ಗಾಜು ಬೇಕು, ಗಾಜಿಗೂ ಕಾಗದಕ್ಕೂ ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಚೌಕಟ್ಟು ಇರಬೇಕು. ದೂಳು ಹೊಡೆಯೋಕೆ ಒಣ ಮೆತ್ತನೆ ಬ್ರಷ್. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಕೆಲಸಕ್ಕೆ ಬರುವವರಿಗೂ ಹೇಳಿಟ್ಟಿರಿ. ಎತ್ತರ: ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು. ನಮ್ಮ ಮನೆಗಳಲ್ಲಿ ಎಲ್ಲವನ್ನೂ ಸೂರಿನ ಹತ್ತಿರ ತೂಗುಹಾಕುತ್ತಾರೆ, ಕತ್ತು ನೋಯುತ್ತದೆ.

ಅಮೆರಿಕದಲ್ಲಿರುವ ಅಕ್ಕನಿಗೆ ಕಳಿಸಬಹುದಾ?

ಈಗಿನ ಕಲಾವಿದರದ್ದಾದರೆ ಬಿಲ್ ಜತೆ ಕಳಿಸಬಹುದು. ಸುತ್ತಿ ಕಳಿಸುವುದಾದರೆ ಬಣ್ಣದ ಬದಿ ಹೊರಗೆ ಬರುವಂತೆ ಸುತ್ತಬೇಕು, ಒಳಗೆ ಬಂದರೆ ಬಣ್ಣ ಮಡಚಿಕೊಂಡು ಬಿರುಕು ಬಿಡುತ್ತದೆ. ನೂರು ವರ್ಷ ದಾಟಿದ ಮೈಸೂರು ಚಿತ್ರ ಅಜ್ಜಿಮನೆಯಲ್ಲಿದ್ದರೆ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಮುಂತಾದ ಒಂಬತ್ತು ಕಲಾವಿದರ ಕೃತಿಗಳಿಗೂ 1972ರ ಪ್ರಾಚೀನ ವಸ್ತು ಮತ್ತು ಕಲಾಸಂಪತ್ತಿನ ಕಾಯ್ದೆಯಡಿ ಇದೇ ನಿರ್ಬಂಧ.

ನಾನೂ ಬಿಡಿಸುತ್ತೇನೆ. ಪ್ರದರ್ಶನ ಮಾಡುವುದು ಹೇಗೆ?

ಮೊದಲು ಒಂದೇ ದಾರದಲ್ಲಿ ಪೋಣಿಸಬಹುದಾದ ಹದಿನೈದು ಇಪ್ಪತ್ತು ಚಿತ್ರಗಳು ಇರಲಿ. ನಾಲ್ಕು ಭಾವಚಿತ್ರ, ಮೂರು ಜಲಪಾತ, ಎರಡು ಅಮೂರ್ತ ಅಂತ ಇದ್ದರೆ ಇನ್ನೂ ಕಾಯಿರಿ. ಆಮೇಲೆ ಜಾಗ. ಅರ್ಜಿ, ಚಿತ್ರಗಳ ಫೋಟೊ, ಪರಿಚಯ ಕೊಟ್ಟು ತಿಂಗಳುಗಟ್ಟಲೆ ಮುಂಚೆ ದಿನ ಹಿಡಿಯಬೇಕು. ಡಿಸೆಂಬರ್, ಜನವರಿಯ ದಿನಗಳು ಬೇಗ ಹೋಗಿಬಿಡುತ್ತವೆ. ಒಬ್ಬರಿಗೇ ಭಾರ ಆದರೆ ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಳ್ಳಿ. ಗುಂಪು ಪ್ರದರ್ಶನದಲ್ಲಿ ಜಗಳ ಬರುವುದು ಒಂದೇ ವಿಷಯಕ್ಕೆ: ಬಾಗಿಲ ಎದುರಿನ ಗೋಡೆ ಯಾರಿಗೆ? ಚೀಟಿ ಎತ್ತಿಬಿಡಿ.

ಖರ್ಚಿನ ಪಟ್ಟಿಯಲ್ಲಿ ಎಲ್ಲರೂ ಮರೆಯುವುದು ಫ್ರೇಮು ಮತ್ತು ಸಾಗಣೆ. ಬಾಡಿಗೆಗಿಂತ ಅದೇ ಜಾಸ್ತಿ ಆಗಬಹುದು. ಮುಖ್ಯ ಅತಿಥಿ, ದೀಪ, ಶಾಲು, ಹಾರ ಇವಕ್ಕೆ ಹಾಕುವ ದುಡ್ಡನ್ನು ಒಳ್ಳೆಯ ಬೆಳಕಿಗೆ ಹಾಕಿ ಅನ್ನುವುದು ನನ್ನ ಮಾತು. ಹೇಳಿದರೆ ಯಾರೂ ಕೇಳಲ್ಲ. ಪ್ರತಿ ಚಿತ್ರಕ್ಕೂ ಚೀಟಿ, ಒಂದು ಬೆಲೆಪಟ್ಟಿ, ಬಂದವರು ಹೆಸರು ಬರೆಯೋಕೆ ಪುಸ್ತಕ. ಆ ಪುಸ್ತಕ ಜೋಪಾನ ಮಾಡಿ, ಮುಂದಿನ ಪ್ರದರ್ಶನಕ್ಕೆ ಆಹ್ವಾನ ಕಳಿಸುವುದು ಅವರಿಗೇ. ಪ್ರದರ್ಶನ ನಡೆಯುವಷ್ಟು ದಿನವೂ ನೀವು ಅಲ್ಲಿರಿ. ಬಾಡಿಗೆ ನೀವು ಕಟ್ಟಿದ ಗೋಡೆಯ ಮುಂದೆ ಮಾತಾಡೋಕೆ ನೀವಲ್ಲದೆ ಬೇರೆ ಯಾರೂ ಇರುವುದಿಲ್ಲ.

‘ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಆಯ್ಕೆಯಾಗಿದ್ದೀರಿ’ ಅಂತ ಇಮೇಲ್ ಬಂತು. ಹೋಗಲಾ?

ಕೊನೆಯ ಸಾಲು ಓದಿ. ‘ಭಾಗವಹಿಸುವ ಶುಲ್ಕ’ ಅಂತ ಇದೆಯಲ್ವಾ? ದುಡ್ಡು ಕೊಟ್ಟವರೆಲ್ಲ ಆಯ್ಕೆಯಾಗುತ್ತಾರೆ, ಎಲ್ಲರಿಗೂ ಪದಕ, ಎಲ್ಲರ ಚಿತ್ರವೂ ಒಂದರ ಮೇಲೊಂದು. ನನಗೂ ಇಂಥದ್ದೊಂದು ಬಂದಿತ್ತು. ನಾನು ಚಿತ್ರವನ್ನೇ ಬಿಡಿಸುವುದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಗಿ. ಒಂದು ಗಂಟೆ ಸಾಕು. ಕೈಯಲ್ಲಿ ಪೆನ್ಸಿಲ್, ಪುಸ್ತಕ ಕೊಟ್ಟು ಇಷ್ಟವಾದ ಒಂದು ಚಿತ್ರ ನೋಡಿಕೊಂಡು ಬಿಡಿಸು ಅನ್ನಿ. ಮಾಣಿಕ್ಯವೇಲು ಮಹಲಿನಲ್ಲಿ ಓಡಾಡೋಕೆ ಹೊರಗೆ ಜಾಗವೂ ಇದೆ.

ಪಾರ್ಕಿಂಗ್?

ಕುಮಾರಕೃಪಾ ರಸ್ತೆಯಲ್ಲಿ ಅದೃಷ್ಟ ಇದ್ದರೆ ಪರಿಷತ್ತಿನ ಒಳಗೆ. ಚಿತ್ರಸಂತೆಯ ದಿನ ಕಾರಿನ ಆಸೆಯನ್ನೇ ಬಿಡಿ. ಮಂತ್ರಿ ಸ್ಕ್ವೇರ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯಿರಿ ಅಥವಾ ಆಟೊ ಹಿಡಿಯಿರಿ. ಕಸ್ತೂರಬಾ ರಸ್ತೆಗೆ ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆ ನಿಲ್ದಾಣ. ದೊಡ್ಡ ಕ್ಯಾನ್ವಾಸು ಕೊಂಡರೆ ಅದನ್ನು ಮೆಟ್ರೊದಲ್ಲಿ ತರುವ ಸಾಹಸ ಬೇಡ. ವಿಳಾಸ ಕೊಟ್ಟು ಬನ್ನಿ, ಮನೆಗೆ ತಲುಪಿಸುತ್ತಾರೆ.